ಹಸಿದ ನೀರು

ದಾರ ಇತ್ತು. ದಾರದ ತುದಿಯ ಗಂಟೂ ಇತ್ತು. ಹರಳು ಮಾತ್ರ ಇರಲಿಲ್ಲ.

ಯದುಗಿರಿ ಗಾಜಿನ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದಳು. ನೀರೊಳಗೆ ಬಿಳಿ ದಾರ ಸಣ್ಣ ಹುಳುವಿನ ಹಾಗೆ ಜೋತು ಬಿದ್ದಿತ್ತು. ಸೀಸೆಯ ಬಾಯಿಗೆ ಅಡ್ಡ ಇಟ್ಟಿದ್ದ ಪೆನ್ಸಿಲ್ಲು ಇಟ್ಟ ಹಾಗೇ ಇತ್ತು. ಧೂಳು ಬೀಳದಿರಲಿ ಅಂತ ಹೊದಿಸಿದ್ದ ಕಾಗದವೂ ಇತ್ತು.

ಸೀಸೆಯ ತಳ ನೋಡಿದಳು. ಕಿಟಕಿಯ ಹಲಗೆ ನೋಡಿದಳು. ಸರಳುಗಳ ಆಚೆ, ಬೀದಿ ಬದಿಯ ಜಗುಲಿ ನೋಡಿದಳು. ಮಂಡಿಯೂರಿ ಜಮಖಾನ ಎತ್ತಿದಳು. ಅದರಡಿ ಸಿಕ್ಕಿದ್ದು ಹೋದ ವರ್ಷ ಒಡೆದ ಅವಳದೇ ಬಳೆಯ ಒಂದು ಚೂರು.

ಇವತ್ತು ಶುಕ್ರವಾರ. ನಾಳೆ ಬೆಳಿಗ್ಗೆ ಭಾಷ್ಯಂ ಮೇಷ್ಟ್ರು ಐದನೇ ಕ್ಲಾಸಿನ ಎಲ್ಲ ಜೋಡಿಗಳ ಹರಳನ್ನೂ ತಕ್ಕಡಿಯಲ್ಲಿ ತೂಗುತ್ತಾರೆ. ಎಲ್ಲಕ್ಕಿಂತ ದೊಡ್ಡ ಹರಳು ಸ್ಕೂಲಿನ ಗಾಜಿನ ಬೀರುವಿನೊಳಗೆ ಹೋಗುತ್ತದೆ. ಅದರ ಕೆಳಗೆ ಚೀಟಿ. ಚೀಟಿಯ ಮೇಲೆ ಹೆಸರು.

ಚೀಟಿಯನ್ನು ಯದುಗಿರಿ ಬುಧವಾರವೇ ಬರೆದಿಟ್ಟುಕೊಂಡಿದ್ದಳು. 'ಪಟಿಕದ ಹರಳು. ಬೆಳೆಸಿದವರು: ಎಸ್. ಯದುಗಿರಿ ಮತ್ತು ರುದ್ರಮ್ಮ, ಹಳೇಬೀಡು.' ತನ್ನ ಹೆಸರು ಸ್ವಲ್ಪ ದಪ್ಪಗೆ ಬಂದಿತ್ತು. ಅದು ನಿಬ್ಬಿನ ತಪ್ಪು.

ಹರಳು ಬೆಳೆಸುವುದನ್ನು ಹೇಳಿಕೊಟ್ಟಿದ್ದು ಮೇಷ್ಟ್ರು. ಬಿಸಿನೀರಿಗೆ ಪಟಿಕದ ಪುಡಿ ಹಾಕುತ್ತಾ ಕಲಕಬೇಕು. ಹಾಕಿದಷ್ಟೂ ಕರಗುತ್ತದೆ. ಹಾಕುತ್ತಾ ಹಾಕುತ್ತಾ ಒಂದು ಹೊತ್ತಿನಲ್ಲಿ ಕರಗುವುದು ನಿಲ್ಲುತ್ತದೆ, ಪುಡಿ ತಳದಲ್ಲೇ ಕೂರುತ್ತದೆ.

"ಈಗ ನೀರಿಗೆ ಹೊಟ್ಟೆ ತುಂಬಿತು," ಅಂದಿದ್ದರು ಮೇಷ್ಟ್ರು. "ಇನ್ನೊಂದು ತುತ್ತೂ ಬೇಡ ಅನ್ನುತ್ತೆ. ಆ ನೀರು ಸೋಸಿ ಆರಿಸಿ, ಒಂದು ಪುಟ್ಟ ಹರಳನ್ನ ದಾರಕ್ಕೆ ಕಟ್ಟಿ ಇಳಿಬಿಡಿ. ನೀರು ಮೆಲ್ಲಗೆ ಆರ್ತಾ ಹೋದ ಹಾಗೆ, ತಿಂದಿದ್ದನ್ನ ಹರಳಿಗೆ ವಾಪಸ್ ಕೊಡುತ್ತೆ. ಸೀಸೇನ ಅಲುಗಿಸಬೇಡಿ. ಕೈ ಕಟ್ಕೊಂಡು ಕಾಯಿರಿ. ಅದೇ ಕಷ್ಟದ ಕೆಲಸ."

ಪಟಿಕ ತಂದವಳು ಅವಳ ಜೋಡಿ ರುದ್ರಿ. ಅವಳ ಊರು ಬಸ್ತಿಹಳ್ಳಿ, ಹಳೇಬೀಡಿಗೆ ಅಂಟಿಕೊಂಡ ಹಾಗೇ ಇರುವ ಹಳ್ಳಿ. ಅಲ್ಲಿ ಕೆರೆಯಿಂದ ತಂದ ಕೆಂಪು ನೀರಿನ ಕೊಡದೊಳಗೆ ಅವಳ ಅವ್ವ ದಿನಾ ಪಟಿಕದ ಗಡ್ಡೆ ಹಿಡಿದು ನಾಲ್ಕು ಸುತ್ತು ತಿರುಗಿಸುತ್ತಿದ್ದಳು. ಒಂದು ಗಂಟೆಯಲ್ಲಿ ಮಣ್ಣೆಲ್ಲ ತಳಕ್ಕಿಳಿದು ನೀರು ತಿಳಿಯಾಗುತ್ತಿತ್ತು. ಅದರದೇ ಒಂದು ಗಡ್ಡೆಯನ್ನು ರುದ್ರಿ ಲಂಗದ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು.

ಸೀಸೆ ಇದ್ದಿದ್ದು ಯದುಗಿರಿಯ ಮನೆಯಲ್ಲಿ, ಬೀದಿ ಕಡೆಯ ಕಿಟಕಿಯ ಹಲಗೆಯ ಮೇಲೆ. "ನಮ್ಮನೇಲಿ ಆಡು ಅವೆ. ಕಾಗದ ಕಂಡ್ರೆ ಬಿಡಲ್ಲ," ಅಂದಿದ್ದಳು ರುದ್ರಿ. ಪ್ರತಿ ಸಂಜೆ ಊರಿಗೆ ಹೋಗುವ ಮುಂಚೆ ಅವಳು ಜಗುಲಿ ಹತ್ತಿ, ತುದಿಗಾಲಲ್ಲಿ ನಿಂತು, ಕಿಟಕಿಯ ಸರಳಿಗೆ ಮೂಗು ಒತ್ತಿ ಹರಳನ್ನು ನೋಡುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಒಳಗೆ ಯದುಗಿರಿಯ ಅಜ್ಜಿಯ ಮಡಿ. ಇದನ್ನು ಯಾರೂ ರುದ್ರಿಗೆ ಹೇಳಿರಲಿಲ್ಲ. ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಹರಳು ಮೊದಲು ಸಾಸಿವೆಯಷ್ಟಿತ್ತು. ಆಮೇಲೆ ತೊಗರಿಕಾಳು. ಆಮೇಲೆ ಹುಣಿಸೆಬೀಜ. ಎರಡು ವಾರ ಕಳೆಯುವಷ್ಟರಲ್ಲಿ ಅಡಿಕೆಯಷ್ಟಾಯಿತು. ಎಂಟು ಮುಖ, ಒಂದೊಂದೂ ಚಾಣದಲ್ಲಿ ಕೆತ್ತಿದಷ್ಟು ನುಣುಪು. ಬುಧವಾರ ಯದುಗಿರಿಯ ಅಪ್ಪ ಅದನ್ನು ಪೋಸ್ಟಾಫೀಸಿನ ಕಾಗದ ತೂಗುವ ತಕ್ಕಡಿಯಲ್ಲಿಟ್ಟು ತೂಗಿಯೂ ಕೊಟ್ಟಿದ್ದರು. ಅವರು ಅಲ್ಲಿನ ಪೋಸ್ಟ್ ಮಾಸ್ಟರು.

"ಮುಕ್ಕಾಲು ತೊಲ," ಅಂದಿದ್ದರು ಅಪ್ಪ. "ಸ್ಟ್ಯಾಂಪ್ ಅಂಟಿಸಿ ಹಾಸನಕ್ಕೆ ಕಳಿಸೋಣವೇನೇ?"

ಅಂಥ ಹರಳು ಈಗ ಇಲ್ಲ.

ಯದುಗಿರಿ ಕಿಟಕಿಯ ಹಲಗೆಯ ಮೇಲೆ ಕೂತು ಯೋಚಿಸಿದಳು. ಕ್ಲಾಸಿನಲ್ಲಿ ಲೆಕ್ಕ ಮೊದಲು ಮುಗಿಸುವವಳು ಅವಳೇ. ಮೊದಲು ಕೈಯೆತ್ತುವವಳೂ ಅವಳೇ. ಈ ಲೆಕ್ಕವೂ ಬೇಗ ಮುಗಿಯಿತು.

ನಿನ್ನೆ ಮಧ್ಯಾಹ್ನ ಹರಳು ಇತ್ತು. ನಿನ್ನೆ ಸಂಜೆ ಚಂದ್ರಗ್ರಹಣ. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು. ಯಾರೂ ಹೊರಗೆ ಕಾಲಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದಿದ್ದು ತಡವಾಗಿ ಯದುಗಿರಿ ಸೀಸೆಯ ಕಡೆ ನೋಡದೆ ಸ್ಕೂಲಿಗೆ ಓಡಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಕುಂಟೆಬಿಲ್ಲೆಯಲ್ಲಿ ಅವಳ ಸರದಿ ಬಂದಿತ್ತು. ಹರಳು ನೋಡಲು ಹೋಗಿದ್ದು ರುದ್ರಿ. ಒಬ್ಬಳೇ.

ವಾಪಸು ಬಂದು ರುದ್ರಿ ಏನು ಹೇಳಿದಳು?

"ಯದು, ಹರಳು ಸಣ್ಣಗಾಗೈತೆ ಕಣೆ. ನಿನ್ನೆ ಅಡಿಕೆ ಗಾತ್ರ ಇತ್ತಲ್ಲ, ಇವತ್ತು ಹುಣಿಸೆಬೀಜದಷ್ಟೈತೆ."

"ಹರಳು ಬೆಳೆಯುತ್ತೆ ಕಣೆ, ಸಣ್ಣಗಾಗಲ್ಲ."

"ನಮ್ಮವ್ವನ ಪಟಿಕ ಸವೆಯೋ ಹಂಗೇ ಸವೆದೈತೆ. ಕರಗ್ತಾ ಐತೆ. ಬಂದು ನೋಡು ಬೇಕಾದ್ರೆ."

"ಅದು ಹೊಟ್ಟೆ ತುಂಬಿದ ನೀರು. ಮೇಷ್ಟ್ರು ಹೇಳಿದ್ದು ಕೇಳಿಸ್ಕೊಂಡಿಲ್ವಾ? ನಿನ್ನ ಕಣ್ಣಿಗೆ ಬಿಸಿಲು ಹೊಡೆದಿದೆ, ಹೋಗಿ ಮುಖ ತೊಳ್ಕೊ," ಅಂದಿದ್ದಳು ಯದುಗಿರಿ. ಕುಂಟೆಬಿಲ್ಲೆ ಆಡುತ್ತಿದ್ದವರೆಲ್ಲ ನಕ್ಕಿದ್ದರು.

ಈಗ ಆ ಮಾತಿನ ಅರ್ಥ ಯದುಗಿರಿಗೆ ಸ್ಪಷ್ಟವಾಗಿ ಹೊಳೆಯಿತು. ಸಣ್ಣಗಾಗಿದೆ ಅಂತ ಮೊದಲೇ ಹೇಳಿಟ್ಟರೆ, ಆಮೇಲೆ ಕಾಣೆಯಾದಾಗ ಯಾರೂ ಕೇಳುವುದಿಲ್ಲ. ಅಲ್ಲವೇ?

ಒಂದ್ಸಲ ಕೈಯಲ್ಲಿ ಹಿಡ್ಕೊಂಡು ನೋಡ್ತೀನಿ ಅಂತ ರುದ್ರಿ ಎಷ್ಟು ಸಲ ಕೇಳಿರಲಿಲ್ಲ?

* * *

ಶನಿವಾರ ಮೇಷ್ಟ್ರ ಮೇಜಿನ ಮೇಲೆ ಸೀಸೆಗಳು ಸಾಲಾಗಿ ಕೂತಿದ್ದವು. ಇಂದುಧರನ ಸೀಸೆಯಲ್ಲಿ ಹರಳು ಎಲ್ಲಿದೆ ಅಂತ ಹುಡುಕಬೇಕಿತ್ತು. ದಾರದ ಉದ್ದಕ್ಕೂ ಉಪ್ಪಿಟ್ಟು ಅಂಟಿಕೊಂಡ ಹಾಗೆ ಪುಡಿಪುಡಿ.

"ದಿನಾ ಅಲ್ಲಾಡಿಸಿ ನೋಡ್ತಿದ್ಯಾ?" ಕೇಳಿದರು ಮೇಷ್ಟ್ರು.

"ಇಲ್ಲ ಸಾರ್. ದಿನಕ್ಕೆ ಎರಡೇ ಸಲ," ಅಂದ ಇಂದುಧರ.

ಯದುಗಿರಿಯ ಸರದಿ ಬಂತು. ಅವಳು ಬರಿಗೈಯಲ್ಲಿ ಎದ್ದು ನಿಂತಳು.

"ನಮ್ಮದು ಕಾಣೆಯಾಗಿದೆ ಸಾರ್."

"ಕಾಣೆ ಅಂದ್ರೆ?"

"ಯಾರೋ ತಗೊಂಡಿದ್ದಾರೆ." ಯದುಗಿರಿಯ ಧ್ವನಿ ಚೂರೂ ನಡುಗಲಿಲ್ಲ. "ನಿನ್ನೆ ನೋಡೋಕೆ ಹೋಗಿದ್ದೋಳು ರುದ್ರಿ ಒಬ್ಬಳೇ."

ಪಕ್ಕದಲ್ಲೇ ಕೂತಿದ್ದ ರುದ್ರಿ ತಲೆಯೆತ್ತಿ ಯದುಗಿರಿಯ ಮುಖ ನೋಡಿದಳು. ತನ್ನನ್ನೇ ಅಂದಿದ್ದು ಅಂತ ಅವಳಿಗೆ ಗೊತ್ತಾದ ಹಾಗಿರಲಿಲ್ಲ.

"ಕಳ್ಳಿ ಮನೆಯೋರೇ ತಂದ್ರಂತೆ, ಕಳ್ಳಿ ಮನೆಯೋರೇ ಹೊತ್ರಂತೆ," ಅಂತ ಹಿಂದಿನ ಬೆಂಚಿನಿಂದ ಇಂದುಧರ ರಾಗ ಎಳೆದ.

"ಇಂದುಧರ, ಎದ್ದು ನಿಂತ್ಕೊ," ಅಂದರು ಮೇಷ್ಟ್ರು. "ಯದುಗಿರಿ, ರುದ್ರಿ ತಗೊಳ್ಳೋದನ್ನ ನೀನು ನೋಡಿದ್ಯಾ?"

"ಇಲ್ಲ ಸಾರ್. ಆದ್ರೆ ಬೇರೆ ಯಾರೂ..."

ಅಷ್ಟರಲ್ಲಿ ರುದ್ರಿ ಎದ್ದಿದ್ದಳು. ತನ್ನ ಬಟ್ಟೆಚೀಲವನ್ನು ಬೆಂಚಿನ ಮೇಲಿಟ್ಟು ಒಂದೊಂದಾಗಿ ತೆಗೆದಿಟ್ಟಳು. ಒಂದು ಮೂಲೆ ಮುರಿದ ಸ್ಲೇಟು. ಕನ್ನಡ ಪುಸ್ತಕ. ಬಳಪದ ಎರಡು ತುಂಡು. ಬಟ್ಟೆಯಲ್ಲಿ ಸುತ್ತಿದ ರಾಗಿರೊಟ್ಟಿ. ಆ ರೊಟ್ಟಿಯನ್ನೂ ಬಿಡಿಸಿ ತೋರಿಸಿದಳು. ಆಮೇಲೆ ಚೀಲವನ್ನು ಒಳಗು ಹೊರಗು ಮಾಡಿ ಕೊಡವಿದಳು. ಎರಡು ಹುರಿಗಡಲೆ ನೆಲಕ್ಕೆ ಬಿದ್ದು ಉರುಳಿದವು.

ಯಾರೂ ನಗಲಿಲ್ಲ. ಇಂದುಧರ ಕೂಡ.

ರುದ್ರಿ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿಕೊಂಡಳು. "ನಾನು ಹೋಯ್ತೀನಿ ಸಾರ್," ಅಂದಳು. ಮೇಷ್ಟ್ರು ಕರೆಯುವಷ್ಟರಲ್ಲಿ ಬಾಗಿಲು ದಾಟಿದ್ದಳು.

ಮೇಷ್ಟ್ರು ಬಾಗಿಲ ತನಕ ಹೋಗಿ ವಾಪಸು ಬಂದರು. ಆಮೇಲೆ ಕೇಳಿದರು. "ಸೀಸೆಯ ನೀರು ಏನ್ಮಾಡಿದೆ?"

"ಹಾಗೇ ಇದೆ ಸಾರ್."

"ಚೆಲ್ಲಬೇಡ. ಜಮಖಾನದ ಕೆಳಗೆಲ್ಲ ಹುಡುಕಿರ್ತೀಯ, ನನಗೆ ಗೊತ್ತು. ನೀರಲ್ಲಿ ಹುಡುಕಿದ್ಯಾ?"

"ನೀರಲ್ಲಿ ಏನೂ ಕಾಣಿಸಲ್ಲ ಸಾರ್."

"ಕಾಣಿಸಲ್ಲ, ಸರಿ," ಅಂದರು ಮೇಷ್ಟ್ರು. ಅಷ್ಟೇ ಅಂದು ಇಂದುಧರನ ಉಪ್ಪಿಟ್ಟನ್ನು ತಕ್ಕಡಿಗೆ ಹಾಕಿದರು.

* * *

ಮನೆಗೆ ಬಂದವಳೇ ಯದುಗಿರಿ ಸೀಸೆಯ ಮುಂದೆ ಕೂತಳು. ಈಗ ಅವಳಿಗೆ ಒಂದು ವಿಚಿತ್ರ ಕಾಣಿಸಿತು. ಎರಡು ವಾರದಿಂದ ಸೀಸೆಯ ಕತ್ತಿನ ಒಳಗೆ, ನೀರಿನ ಅಂಚಿನಲ್ಲಿ, ಬೆಳ್ಳಗೆ ಪಟಿಕದ ಗೆರೆ ಕಟ್ಟಿತ್ತು. ಆ ಗೆರೆ ಈಗ ಇಲ್ಲ. ಯಾರೋ ತೊಳೆದ ಹಾಗೆ ಗಾಜು ಫಳಫಳ ಹೊಳೆಯುತ್ತಿತ್ತು.

ಹರಳು ಕದಿಯುವವರು ಸೀಸೆ ತೊಳೆದಿಟ್ಟು ಹೋಗುತ್ತಾರೆಯೇ?

"ಅಜ್ಜಿ," ಕೂಗಿದಳು. "ನನ್ನ ಸೀಸೆ ಯಾರಾದ್ರೂ ಮುಟ್ಟಿದ್ರಾ?"

ಅಜ್ಜಿ ಚೆಲುವಾಂಬ ಅಡಿಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದರು. ಚಟಪಟ ನಿಂತ ಮೇಲೆ ಉತ್ತರ ಬಂತು.

"ಮುಟ್ಟದೆ? ಗ್ರಹಣ ಬಿಟ್ಟ ಮೇಲೆ ಮನೇಲಿರೋ ನೀರೆಲ್ಲಾ ಚೆಲ್ಲಿ ಹೊಸ ನೀರು ತುಂಬಿಸ್ಬೇಡ್ವೇ? ಹಂಡೇದು ಚೆಲ್ಲಿದೆ, ಬಿಂದಿಗೇದು ಚೆಲ್ಲಿದೆ, ದೇವರ ಮನೆ ಚೊಂಬಿಂದು ಚೆಲ್ಲಿದೆ. ನಿನ್ನ ಸೀಸೇದೊಂದು ಬಿಡೋಕಾಗುತ್ತಾ? ಚೆನ್ನಾಗಿ ತೊಳೆದು, ಬಾವಿ ನೀರು ಅಷ್ಟೇ ಮಟ್ಟಕ್ಕೆ ತುಂಬಿ, ನಿನ್ನ ದಾರ ಗೀರ ಎಲ್ಲಾ ಹೇಗಿತ್ತೋ ಹಾಗೇ ಇಳಿಬಿಟ್ಟಿದೀನಿ. ಪೆನ್ಸಿಲ್ಲೂ ಸೊಟ್ಟ ಇಟ್ಟಿಲ್ಲ."

ಯದುಗಿರಿಯ ಬಾಯಿ ತೆರೆದೇ ಇತ್ತು.

"ಮತ್ತೆ ಉಪ್ಪಿನಕಾಯಿ ಭರಣಿ ಯಾಕೆ ಚೆಲ್ಲಲಿಲ್ಲ?"

"ಅದಕ್ಕೆ ದರ್ಭೆ ಹಾಕಿದ್ದೆ. ಹಾಲಿಗೆ, ತುಪ್ಪಕ್ಕೆ, ಉಪ್ಪಿನಕಾಯಿಗೆ ದರ್ಭೆ ಹಾಕಿದ್ರೆ ದೋಷ ಇಲ್ಲ."

"ನನ್ನ ಸೀಸೆಗೂ ಒಂದು ದರ್ಭೆ ಹಾಕ್ಬಾರ್ದಿತ್ತಾ ಅಜ್ಜಿ?"

"ಅದರಲ್ಲೇನಿದೆ, ಬರೀ ನೀರು," ಅಂದರು ಅಜ್ಜಿ.

ಬರೀ ನೀರು. ಬಾವಿಯಿಂದ ಆಗತಾನೇ ಸೇದಿದ ನೀರು. ಒಂದು ತುತ್ತೂ ತಿನ್ನದ, ಹಸಿದ ನೀರು.

ಯದುಗಿರಿಗೆ ಗ್ರಹಣದ ಸಂಜೆ ನೆನಪಾಯಿತು. ನಾನೂ ದೊಡ್ಡವರ ಹಾಗೆ ಉಪವಾಸ ಇರ್ತೀನಿ ಅಂತ ಜಂಬ ಮಾಡಿ, ಮಧ್ಯಾಹ್ನದಿಂದ ಏನೂ ತಿನ್ನದೆ ಕೂತಿದ್ದಳು. ಗ್ರಹಣ ಬಿಟ್ಟು, ಸ್ನಾನವಾಗಿ, ಎಲೆ ಹಾಕಿದಾಗ ಅವಳು ಅನ್ನ ತಿಂದ ಪರಿ ನೋಡಿ ಅಪ್ಪ, "ಎಲೆ ಒಂದು ಬಿಡಮ್ಮ, ಹಸುವಿಗೆ ಬೇಕು," ಅಂದಿದ್ದರು.

ಅವಳು ಬೆರಳನ್ನು ಸೀಸೆಯೊಳಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಬಾಯೆಲ್ಲ ಬಿಗಿಯಿತು. ಎಳೇ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಬಾವಿ ನೀರು ಯಾವತ್ತೂ ಒಗರಿರಲಿಲ್ಲ.

"ಅಜ್ಜಿ, ಹರಳು ಇಲ್ಲೇ ಇದೆ. ನೀರಲ್ಲೇ ಇದೆ. ಕಾಣಿಸ್ತಿಲ್ಲ ಅಷ್ಟೇ."

ಅಜ್ಜಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಒಳ್ಳೇದಾಯ್ತಲ್ಲ. ಮತ್ತೆ ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ?"

"ರುದ್ರಿ ತಗೊಂಡ್ಳು ಅಂತ ಕ್ಲಾಸಲ್ಲಿ ಹೇಳ್ಬಿಟ್ಟೆ."

ಅಜ್ಜಿಯ ಸೌಟಿನಿಂದ ಒಂದು ತೊಟ್ಟು ಹುಳಿ ನೆಲಕ್ಕೆ ಬಿತ್ತು. ಅದನ್ನು ಒರೆಸದೆ ಅವರು ಒಳಗೆ ಹೋದದ್ದು ಯದುಗಿರಿ ಕಂಡ ಹಾಗೆ ಅದೇ ಮೊದಲು.

* * *

ಯದುಗಿರಿ ಸುಮ್ಮನೆ ಕೂರುವವಳಲ್ಲ. ಅಪ್ಪ ಷೇವ್ ಮಾಡಿಕೊಳ್ಳುವಾಗ ನೀರಿಡುವ ಅಗಲವಾದ ಬಿಳಿ ಪಿಂಗಾಣಿ ತಟ್ಟೆ ತಂದಳು. ತೊಳೆದಳು. ಸೀಸೆಯ ನೀರನ್ನು ಒಂದು ಹನಿಯೂ ಬಿಡದೆ ಅದಕ್ಕೆ ಸುರಿದಳು. ಹಿತ್ತಲಿನ ಕಲ್ಲುಚಪ್ಪಡಿಯ ಮೇಲಿಟ್ಟಳು. ಮೇಲೆ ಅಜ್ಜಿಯ ಹಳೇ ತೆಳ್ಳನೆ ಮಲ್ಲು ಬಟ್ಟೆ ಹೊದಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಬೇಸಿಗೆ ಶುರುವಾಗಿತ್ತು. ಬಿಸಿಲಿಗೆ ನೀರು ಆರಿದರೆ ಪಟಿಕ ಉಳಿಯಲೇಬೇಕು.

ಅವಳ ಯೋಚನೆ ಹೀಗಿತ್ತು. ಪಟಿಕ ವಾಪಸು ಬಂದ ಮೇಲೆ ರುದ್ರಿಗೆ ತೋರಿಸುವುದು. ನೋಡು, ಯಾರೂ ತಗೊಂಡಿಲ್ಲ ಅನ್ನುವುದು. ರುದ್ರಿ ಹೌದಲ್ಲ ಅನ್ನುವಳು. ಅಲ್ಲಿಗೆ ಮುಗಿಯಿತು. ಬರಿಗೈಯಲ್ಲಿ ಹೋದರೆ ಯಾರು ನಂಬುತ್ತಾರೆ?

ಭಾನುವಾರ ಅವಳು ತಟ್ಟೆಯನ್ನು ಇಪ್ಪತ್ತು ಸಲ ನೋಡಿದಳು. ನೋಡಿದಷ್ಟೂ ನೀರು ಅಲ್ಲೇ ಇದ್ದ ಹಾಗಿತ್ತು.

ಸೋಮವಾರ ಬೆಂಚಿನಲ್ಲಿ ರುದ್ರಿಯ ಜಾಗ ಖಾಲಿಯಿತ್ತು.

"ಅವಳು ಬರಲ್ಲ ಸಾರ್," ಅಂದ ಇಂದುಧರ. ಅವನ ಊರಿಗೆ ದಾರಿ ಬಸ್ತಿಹಳ್ಳಿ ಮೇಲೇ. "ಕಳ್ಳಿ ಅನ್ನಿಸ್ಕೊಳ್ಳೋಕೆ ಸ್ಕೂಲಿಗ್ಯಾಕೆ ಹೋಗ್ಬೇಕು, ಆಡು ಕಾಯ್ಲಿ ಅಂದ್ರಂತೆ ಅವರವ್ವ." ಇವತ್ತು ಅವನು ರಾಗ ಎಳೆಯಲಿಲ್ಲ.

ಯದುಗಿರಿ ಮೇಷ್ಟ್ರ ಹತ್ತಿರ ಹೋಗಿ ಗ್ರಹಣ, ಬಾವಿ ನೀರು, ತಟ್ಟೆ, ಎಲ್ಲವನ್ನೂ ಮೆಲ್ಲಗೆ ಹೇಳಿದಳು. ಮೇಷ್ಟ್ರ ಮುಖ ಅರಳಿತು. "ಸರಿಯಾಗಿ ಹುಡುಕಿದೀಯ," ಅಂದರು. "ರುದ್ರಿಗೆ ಹೇಳಿದ್ಯಾ?"

"ತಟ್ಟೆ ಇನ್ನೂ ಒಣಗಿಲ್ಲ ಸಾರ್. ನಾಳೆ ಒಣಗುತ್ತೆ."

ಮೇಷ್ಟ್ರು ರುದ್ರಿಯ ಜಾಗದ ಕಡೆ ಒಮ್ಮೆ ನೋಡಿ ಪಾಠ ಶುರು ಮಾಡಿದರು.

ಅವತ್ತೆಲ್ಲ ಯದುಗಿರಿಯ ಕೈ ಖಾಲಿ ಜಾಗಕ್ಕೆ ತಗುಲುತ್ತಿತ್ತು. ಭಾಗಾಕಾರದ ಲೆಕ್ಕದಲ್ಲಿ ಅವಳಿಗಿಂತ ಮೊದಲು ಇನ್ನಾರೋ ಕೈಯೆತ್ತಿದರು. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ಸಂಜೆ ಮನೆಗೆ ಬಂದು ಮಲ್ಲು ಬಟ್ಟೆ ಎತ್ತಿ ನೋಡಿದಳು. ನೀರು ತಳ ಮುಟ್ಟಿತ್ತು, ಆದರೆ ಇನ್ನೂ ಇತ್ತು. ಅಂಚಿನ ಸುತ್ತ ಗಾಜಿನ ಚೂರಿನಂಥ ಪುಟ್ಟ ಪುಟ್ಟ ಹರಳುಗಳು ಕಣ್ಣು ಬಿಟ್ಟಿದ್ದವು. ಇನ್ನೊಂದು ದಿನ ಸಾಕು.

ಇನ್ನೊಂದು ದಿನ ಯದುಗಿರಿಯ ಕೈಯಲ್ಲಿ ಆಗಲಿಲ್ಲ. ತಟ್ಟೆಯನ್ನು ಎತ್ತಿಕೊಂಡಳು.

ಬಸ್ತಿಹಳ್ಳಿ ಅರ್ಧ ಮೈಲಿ. ಓಡಿದರೆ ಏನೂ ಅಲ್ಲ. ನೀರಿರುವ ತಟ್ಟೆ ಹಿಡಿದು ನಡೆದರೆ ಬಲು ದೂರ. ಅವಳು ತಟ್ಟೆಯಿಂದ ಕಣ್ಣು ಕೀಳದೆ ಹೆಜ್ಜೆ ಮೇಲೆ ಹೆಜ್ಜೆಯಿಟ್ಟಳು. ಎದುರಿಗೆ ಬಂದ ಎತ್ತಿನ ಗಾಡಿಯವನು, "ಏನಮ್ಮಾ, ಪಾಯಸಾನಾ?" ಅಂತ ಕೇಳಿದ. ಅವಳು ಉತ್ತರ ಕೊಡಲಿಲ್ಲ. ಬಾಯಿ ತೆರೆದರೆ ತಟ್ಟೆ ಅಲುಗೀತು ಅಂತ ಭಯ.

ಬಸದಿಯ ಗೋಡೆಯ ನೆರಳಲ್ಲಿ ಆಡುಗಳು ಕಂಡವು. ಆಡುಗಳ ಹಿಂದೆ ರುದ್ರಿ. ಕೈಯಲ್ಲಿ ಕೋಲು.

ಯದುಗಿರಿ ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬಂದಿದ್ದಳು. ಹೊಟ್ಟೆ ತುಂಬಿದ ನೀರಿನಿಂದ ಶುರುವಾಗಿ ಗ್ರಹಣದ ಮೇಲೆ ಹಾದು ಬರುವ ಉದ್ದನೆಯ ಮಾತು. ರುದ್ರಿಯ ಮುಖ ನೋಡಿದ ಮೇಲೆ ಅದರ ತುದಿಯೂ ಸಿಗಲಿಲ್ಲ.

"ನೀನು ತಗೊಂಡಿಲ್ಲ," ಅಂದಳು.

"ನಂಗೊತ್ತು," ಅಂದಳು ರುದ್ರಿ.

"ಗ್ರಹಣ ಅಂತ ಅಜ್ಜಿ ನೀರು ಬದಲಾಯಿಸಿಬಿಟ್ಟಿದ್ರು. ಹೊಸ ನೀರಲ್ಲಿ ಕರಗಿಹೋಯ್ತು. ಎಲ್ಲಾ ಇದರಲ್ಲೇ ಇದೆ, ನೋಡು."

ರುದ್ರಿ ತಟ್ಟೆಯ ಕಡೆ ಬಗ್ಗಿದಳು. ಅಂಚಿನ ಹರಳುಗಳನ್ನು ನೋಡಿದಳು. ಬೆರಳು ಅದ್ದಿ ನೆಕ್ಕಿ ಮುಖ ಕಿವುಚಿದಳು.

"ಕರಗ್ತಾ ಐತೆ ಅಂತ ನಾನು ಅವತ್ತೇ ಅಂದೆ."

"ಹೌದು, ಅಂದೆ."

"ಮುಖ ತೊಳ್ಕೊ ಅಂದೆ ನೀನು."

"ಹೂಂ."

ಒಂದು ಆಡು ಬಂದು ತಟ್ಟೆಗೆ ಮೂಗು ಹಾಕಲು ನೋಡಿತು. ರುದ್ರಿ ಅದರ ಕಿವಿ ಹಿಡಿದು ಆಚೆ ತಳ್ಳಿದಳು.

"ಕಳ್ಳಿ ಅಂದಿದ್ದು ಎಲ್ಲಾರ ಮುಂದೆ," ಅಂದಳು. "ಅಲ್ಲ ಅನ್ನಾದು ಇಲ್ಲಿ ಆಡಿನ ಮುಂದೆ."

ಯದುಗಿರಿ ಕತ್ತು ತಗ್ಗಿಸಿದಳು. ತಟ್ಟೆಯ ನೀರಿನಲ್ಲಿ ಅವಳ ಮೂಗು ಮಾತ್ರ ಕಾಣುತ್ತಿತ್ತು.

"ನಾಳೆ ಕ್ಲಾಸಲ್ಲಿ ಹೇಳ್ತೀನಿ. ನೀನೂ ಬಾ."

"ನಾನ್ಯಾಕ್ ಬರ್ಲಿ? ನಾನಿಲ್ದೇ ಇದ್ರೂ ಹೇಳು. ಇಂದುಧರ ಬಂದು ಹೇಳ್ತಾನೆ, ನೀನ್ ಏನಂದೆ ಅಂತ. ಆಮೇಲ್ ನೋಡ್ತೀನಿ."

"ಸರಿ," ಅಂದಳು ಯದುಗಿರಿ. ತಟ್ಟೆ ಹಿಡಿದುಕೊಂಡೇ ಹೊರಡಲು ತಿರುಗಿದಳು. ಅರ್ಧಕ್ಕೆ ನಿಂತಳು. ಆಮೇಲೆ ತಟ್ಟೆಯನ್ನು ರುದ್ರಿಯ ಕೈಗೆ ಕೊಟ್ಟಳು.

"ಇಲ್ಲೇ ಇರ್ಲಿ. ನಿಮ್ಮನೆ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತೆ."

ರುದ್ರಿ ಅವಳನ್ನೇ ಒಂದು ಗಳಿಗೆ ನೋಡಿದಳು. ಹರಳನ್ನು ಕೈಯಲ್ಲಿ ಹಿಡಿದು ನೋಡಬೇಕು ಅಂತ ಎಷ್ಟೋ ಸಲ ಕೇಳಿದ್ದವಳು ಈಗ ಅದನ್ನು ನೀರಾಗಿ ಹಿಡಿದುಕೊಂಡಿದ್ದಳು.

* * *

ಮಂಗಳವಾರ ಹಾಜರಿ ಮುಗಿದ ಕೂಡಲೇ ಯದುಗಿರಿ ಎದ್ದು ಮೇಜಿನ ಹತ್ತಿರ ಹೋಗಿ ಕ್ಲಾಸಿನ ಕಡೆ ತಿರುಗಿ ನಿಂತಳು. ಪದ್ಯ ಒಪ್ಪಿಸುವಾಗ ಅವಳು ಅಲ್ಲೇ ನಿಲ್ಲುತ್ತಿದ್ದುದು. ಪದ್ಯವಾದರೆ ಸುಲಭ, ಬರೆದವರು ಬೇರೆ.

"ಶನಿವಾರ ನಾನು ಹೇಳಿದ್ದು ಸುಳ್ಳು," ಅಂದಳು. "ರುದ್ರಿ ಹರಳು ತಗೊಂಡಿಲ್ಲ. ಅದು ನಮ್ಮನೇಲೇ ಕರಗಿಹೋಗಿತ್ತು. ಕರಗ್ತಾ ಇದೆ ಅಂತ ರುದ್ರಿ ಶುಕ್ರವಾರವೇ ನನಗೆ ಹೇಳಿದ್ಲು. ನಾನು ನೋಡೋಕೂ ಹೋಗ್ಲಿಲ್ಲ. ನಗಾಡ್ದೆ."

ಇನ್ನೂ ಏನೋ ಹೇಳಬೇಕು ಅನ್ನಿಸಿತು. ಏನೂ ಇರಲಿಲ್ಲ. ಹೋಗಿ ಕೂತಳು.

"ಇಂದುಧರ," ಅಂದರು ಮೇಷ್ಟ್ರು, "ನಿನ್ನ ರಾಗ ವಾಪಸ್ ತಗೊಳ್ಳೋ ಕೆಲಸ ನಿಂದು. ದಾರೀಲೇ ಇದೆ ಅಲ್ವಾ ಊರು?"

"ಹೂಂ ಸಾರ್," ಅಂದ ಇಂದುಧರ ಕಿವಿ ಕೆರೆದುಕೊಂಡು.

ಬುಧವಾರ ರುದ್ರಿ ಬಂದಳು. ತಡವಾಗಿ ಬಂದಳು, ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬಟ್ಟೆ ಹೊದಿಸಿದ ಪಿಂಗಾಣಿ ತಟ್ಟೆ. ಬಟ್ಟೆ ತೆಗೆದಾಗ ಇಡೀ ಕ್ಲಾಸು ಬೆಂಚು ಹತ್ತಿತು. ತಟ್ಟೆಯ ತುಂಬ ಬೆಳ್ಳಗೆ ಹರಳಿನ ಹಪ್ಪಳ.

"ಒಂದು ಚೂರೂ ಬಿಡದೆ ಕೆರೆಯಿರಿ. ತೂಗೋಣ," ಅಂದರು ಮೇಷ್ಟ್ರು. "ಕರಗೋಕೆ ಮುಂಚೆ ಎಷ್ಟಿತ್ತು?"

"ಮುಕ್ಕಾಲು ತೊಲ ಸಾರ್. ಅಪ್ಪ ತೂಗಿದ್ರು."

ಮೇಷ್ಟ್ರು ತಕ್ಕಡಿಯ ಒಂದು ಕಡೆ ಪುಡಿ ಹಾಕಿದರು, ಇನ್ನೊಂದು ಕಡೆ ತೂಕದ ಬೊಟ್ಟು. ಮುಳ್ಳು ಅಲ್ಲಾಡಿ ಅಲ್ಲಾಡಿ, ನಡುವಿಗೆ ಇನ್ನೊಂದು ಕೂದಲೆಳೆ ಇರುವಾಗ ನಿಂತಿತು. ಪುಡಿಯ ಕಡೆಗೆ ಒಂದು ಗುಲಗಂಜಿ ಹಾಕಿದ ಮೇಲೆ ಸರಿಯಾಯಿತು.

"ಮುಕ್ಕಾಲು ತೊಲಕ್ಕೆ ಒಂದು ಗುಲಗಂಜಿ ಕಮ್ಮಿ," ಅಂದರು. "ಕರಗಿದ್ದೆಲ್ಲಾ ವಾಪಸ್ ಬಂತು. ಆದ್ರೆ ಈ ಒಂದು ಗುಲಗಂಜಿ ಎಲ್ಲಿ ಹೋಯ್ತು?"

ಕ್ಲಾಸು ಯೋಚಿಸಿತು.

"ನಾನು ನೆಕ್ದೆ ಸಾರ್," ಅಂದಳು ರುದ್ರಿ.

"ನಾನೂ ನೆಕ್ಕಿದೀನಿ ಸಾರ್," ಅಂದಳು ಯದುಗಿರಿ.

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಎಲ್ಲರೂ. ರುದ್ರಿಯ ತುಟಿಯೂ ಒಂದು ಕಡೆ ಮೇಲೆ ಹೋಯಿತು. ಅವಳು ಬಂದು ಬೆಂಚಿನಲ್ಲಿ ಕೂತಳು. ಇಬ್ಬರ ನಡುವೆ ಒಂದು ಸ್ಲೇಟು ಹಿಡಿಯುವಷ್ಟು ಜಾಗ ಬಿಟ್ಟುಕೊಂಡೇ ಕೂತಳು. ಯದುಗಿರಿ ಹತ್ತಿರ ಸರಿಯಲಿಲ್ಲ.

ಬಿಡುವಿನಲ್ಲಿ ರುದ್ರಿ ಪುಡಿಯೊಳಗಿಂದ ಒಂದು ಚೊಕ್ಕವಾದ ಪುಟ್ಟ ಹರಳನ್ನು ಆರಿಸಿ ಇಟ್ಟುಕೊಂಡಳು.

"ಮತ್ತೆ ಬೆಳೆಸಾಣ. ಈ ಸಲ ಸೀಸೆ ನಮ್ಮನೇಲಿ."

"ಆಡು?"

"ಆಡು ಗ್ರಹಣ ಮಾಡಲ್ಲ," ಅಂದಳು ರುದ್ರಿ.

* * *

ಅಜ್ಜಿಗೆ ಯದುಗಿರಿ ಎಲ್ಲವನ್ನೂ ಹೇಳಿದಳು. ಅಜ್ಜಿ ಕೇಳಿಸಿಕೊಂಡರು. ಮಾರನೆಯ ದಿನ ಒಂದು ಎಳೆ ದರ್ಭೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ಆ ಹುಡುಗಿಗೆ ಕೊಡು. ಸೀಸೆಗೆ ಹಾಕ್ಕೊಳ್ಲಿ. ಮುಂದಿನ ಗ್ರಹಣಕ್ಕೆ," ಅಂದರು.

ಮೊದಲಿನ ಪಟಿಕದ ನೀರೆಲ್ಲ ಗ್ರಹಣದ ರಾತ್ರಿ ಬಚ್ಚಲು ಸೇರಿತ್ತು. ಹೊಸದಕ್ಕೆ ರುದ್ರಿಯ ಅವ್ವ ಹುಚ್ಚಮ್ಮ ತನ್ನ ಕೊಡದ ಗಡ್ಡೆಯನ್ನೇ ಕಲ್ಲಿನಿಂದ ಒಡೆದು ಅರ್ಧ ಕೊಟ್ಟಳಂತೆ. ಬೈದುಕೊಂಡೇ ಕೊಟ್ಟಳಂತೆ.

ಹತ್ತು ದಿನ ಕಳೆದ ಮೇಲೆ ಒಂದು ಸಂಜೆ, ರುದ್ರಿ ಕರೆದಳು ಅಂತ ಯದುಗಿರಿ ಬಸ್ತಿಹಳ್ಳಿಗೆ ಹೋದಳು. ರುದ್ರಿಯ ಮನೆಯ ಒಳಗೆ ಕತ್ತಲೆ. ರಾಗಿ ಕಣಜದ ಪಕ್ಕದ ಗೂಡಿನಲ್ಲಿ ಸೀಸೆ ಇತ್ತು. ಯದುಗಿರಿ ಹೊಸಿಲ ಈಚೆಯೇ ನಿಂತು ಕತ್ತು ಚಾಚಿದಳು. ಗಾಜಿನ ಹೊಳಪು ಕಂಡಿತು. ಹರಳು ಕಾಣಲಿಲ್ಲ. ತುದಿಗಾಲಲ್ಲಿ ನಿಂತಳು. ಆಗಲೂ ಕಾಣಲಿಲ್ಲ.

"ಅಲ್ಲಿಂದ ಏನ್ ಕಂಡಾತು ನಿಂಗೆ?" ಅಂದಳು ಒಳಗಿನಿಂದ ರುದ್ರಿ. "ಒಳಕ್ ಬಾ."

ಯದುಗಿರಿಯ ಹಿಮ್ಮಡಿ ಹಾಗೇ ನೆಲಕ್ಕಿಳಿಯಿತು.

ಎರಡು ವಾರ, ಪ್ರತಿ ಸಂಜೆ, ಅವರ ಮನೆಯ ಜಗುಲಿಯಲ್ಲಿ ಹೀಗೇ ಒಬ್ಬಳು ನಿಂತಿದ್ದಳು. ಸರಳಿಗೆ ಮೂಗು ಒತ್ತಿ, ತುದಿಗಾಲಲ್ಲಿ. ಅಲ್ಲಿಂದಲೇ ಅವಳು ಎಲ್ಲವನ್ನೂ ಸರಿಯಾಗಿ ನೋಡಿದ್ದಳು. ಒಳಗಿದ್ದವಳು ನೋಡಿರಲಿಲ್ಲ.

ಯದುಗಿರಿ ಹೊಸಿಲು ದಾಟಿದಳು. ಗೂಡಿನ ಹತ್ತಿರ ಬಂದು, ಸೀಸೆಗೆ ಕೈ ತಾಗದಿರಲಿ ಅಂತ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ದಾರದ ತುದಿಯಲ್ಲಿ ತೊಗರಿಕಾಳಿನಷ್ಟು ಹರಳು ಇತ್ತು. ಎಂಟು ಮುಖವೂ ಇತ್ತು.

"ಬೆಳೆದಿದೆಯಾ?" ಅಂತ ರುದ್ರಿಯನ್ನು ಕೇಳಿದಳು.

ರುದ್ರಿ ಕಣ್ಣು ಕಿರಿದು ಮಾಡಿ ನೋಡಿದಳು. "ನಿನ್ನೆಗಿಂತ ಒಂಚೂರು," ಅಂದಳು.

ಯದುಗಿರಿಗೆ ಆ ಒಂಚೂರು ಕಾಣಿಸಲಿಲ್ಲ. ಆದರೆ ಅವಳು ತಲೆಯಾಡಿಸಿ, ರುದ್ರಿಯ ಪಕ್ಕದಲ್ಲಿ ಹಾಗೇ ನಿಂತಳು.